ಹನ್ನೊಂದು ತಪ್ಪುಗಳ ಬೋರ್ಡು

ಅವಧೂತನ ಹೊಟ್ಟೆಯುರಿಗೆ ಕಾರಣ ಒಂದು ಸೀಮೆಸುಣ್ಣದ ತುಂಡು.

ಪುಣೆಯ ಮಾರ್ಕೆಟ್ ಯಾರ್ಡಿನ ಎದುರು, ಲೋಕನಾಥ ಶೆಟ್ಟರ ಹೋಟೆಲಿನ ಮೇಲಿನ ಮಹಡಿಯಲ್ಲಿ ಅವರದೇ ಒಂದು ಪುಟ್ಟ ಗೇಮ್ ಕಂಪನಿಯಿತ್ತು. ಅಲ್ಲಿ ತಯಾರಾದ ‘ಹಮಾಲಿ’ ಎಂಬ ಮೊಬೈಲ್ ಆಟದಲ್ಲಿ ಉಳ್ಳಾಗಡ್ಡಿ ಚೀಲಗಳನ್ನು ಬೀಳದಂತೆ ಲಾರಿಗೆ ಪೇರಿಸಬೇಕು. ನಲವತ್ತು ಸಾವಿರ ಜನ ಆಡುತ್ತಿದ್ದರು. ಆ ಆಟದ ಒಂದೊಂದು ಚೀಲವನ್ನೂ ಕೂತು ಕಟ್ಟಿದವನು ವಿಜಯಪುರದ ಅವಧೂತ. ಜನಕ್ಕೆ ಗೊತ್ತಿದ್ದುದು ಮಾತ್ರ ಕಂಪನಿಯ ಪರವಾಗಿ ಆಟಗಾರರೊಡನೆ ಮಾತನಾಡುವ ಪ್ರಣೀತಾ.

ಯಾರ್ಡಿನ ಅಡತಿ ಅಂಗಡಿಯ ದಲ್ಲಾಳಿಗಳು ದಿನದ ಧಾರಣೆ ಬರೆಯುವಂಥ ಕರಿಹಲಗೆಯೊಂದನ್ನು ಅವಳು ಮೆಟ್ಟಿಲ ಬುಡದಲ್ಲಿ ತೂಗುಹಾಕಿದ್ದಳು. ಮುಂಜಾನೆ ಅದರ ಮೇಲೆ ‘ಇಂದಿನ ತಪ್ಪು’ ಎಂದು ಆಟದ ಒಂದು ದೋಷ ಬರೆದು, ಫೋಟೋ ತೆಗೆದು, ಆಟಗಾರರ ಗುಂಪಿಗೆ ಹಾಕುವಳು. ಸಂಜೆ ‘ಸರಿಯಾಗಿದೆ’ ಎಂದು ಇನ್ನೊಂದು ಫೋಟೋ. ಎಂಥ ಬಿಚ್ಚುಮನಸ್ಸಿನ ಹುಡುಗಿ ಎಂದು ಜನ ಕೆಂಪು ಹೃದಯಗಳನ್ನು ಸುರಿಯುವರು. ಎದುರಿನ ಯಾರ್ಡಿನ ಉಳ್ಳಾಗಡ್ಡಿ ಅಡತಿ ಶಿವರುದ್ರಪ್ಪನವರ ಹೆಂಡತಿ ಕಲ್ಲವ್ವ ಅವಳಿಗೆಂದು ಶೇಂಗಾ ಹೋಳಿಗೆ ತಂದ ದಿನ, ಬಾಗಿಲು ತೆಗೆದ ಅವಧೂತನನ್ನು ನಳ ರಿಪೇರಿಯವನೆಂದು ತಿಳಿದು ಮನೆಗೊಮ್ಮೆ ಬಂದು ಹೋಗಲು ಹೇಳಿದ್ದರು.

ಎಂಟು ತಿಂಗಳಿಂದ ಅವಧೂತ ಆ ಮೆಟ್ಟಿಲನ್ನು ಗೋಡೆಗೆ ಮುಖ ಮಾಡಿ ಹತ್ತುತ್ತಿದ್ದ. ಬೋರ್ಡು ಓದುತ್ತಿರಲಿಲ್ಲ, ಗುಂಪು ತೆರೆಯುತ್ತಿರಲಿಲ್ಲ. ಹೋಟೆಲಿನ ಅಡುಗೆಮನೆ ತೋರಿಸಿದರೆ ಗಿರಾಕಿ ಉಣ್ಣುತ್ತಾನೆಯೇ, ಆಟ ಮಾಡುವವರು ಆಡುವವರಿಗೆ ಏನನ್ನೂ ಹೇಳಬಾರದು ಎಂಬುದು ಅವನ ವಾದ. ಹೃದಯಗಳ ಎಣಿಕೆಯನ್ನು ಮಾತ್ರ ಲೋಕನಾಥರು ಚಹಾದ ಹೊತ್ತಿಗೆ ಗಟ್ಟಿಯಾಗಿ ಓದುತ್ತಿದ್ದುದರಿಂದ ಕಿವಿಗೆ ಬೀಳುತ್ತಿತ್ತು. ಬಿದ್ದಲ್ಲೆಲ್ಲ ಹುಣ್ಣಾಗುತ್ತಿತ್ತು.

ಆ ಗುರುವಾರ ಪ್ರಣೀತಾ ಅಕ್ಕನ ಮಗುವಿನ ನಾಮಕರಣಕ್ಕೆ ದೌಂಡಕ್ಕೆ ಹೋದಳು. ಸಂಜೆಯವರೆಗೆ ಬೋರ್ಡು ನಿಮ್ಮದೇ ಎಂದು ಲೋಕನಾಥರು ಅವಧೂತನ ಕೈಗೆ ಸೀಮೆಸುಣ್ಣ ಕೊಟ್ಟರು. ಅವನ ವಾದವೆಲ್ಲ ಕಾದ ತವೆಯ ಮೇಲಿನ ನೀರಹನಿಯಂತೆ ಚುಂಯ್ ಎಂದು ಆರಿಹೋಯಿತು. ದಿನಕ್ಕೊಂದು ತಪ್ಪು ಒಪ್ಪಿಕೊಂಡು ಅವಳಿಗೆ ಅಷ್ಟು ಹೃದಯ ಸಿಗುವುದಾದರೆ, ತಾನು ಒಂದೇ ಏಟಿಗೆ ಹನ್ನೊಂದು ಕೊಡುತ್ತೇನೆ ಎಂದುಕೊಂಡ. ಎಲ್ಲವೂ ಅಪ್ಪಟ ನಿಜ. ಕೊನೆಗೆ ದಪ್ಪಕ್ಷರದಲ್ಲಿ ‘ಮಾಡಿದವನು: ಅವಧೂತ’ ಎಂದು ಬರೆದ. ಫೋಟೋ ತೆಗೆಯುವಾಗ ತನ್ನ ಅರ್ಧ ಮುಖವೂ ಬರುವಂತೆ ನೋಡಿಕೊಂಡ.

ಹತ್ತು ನಿಮಿಷ ಕಳೆಯಿತು. ಒಂದು ಹೃದಯವೂ ಬರಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು ಬಂತು.

ಮೊದಲು ಬಂದವರು ಕಲ್ಲವ್ವ. ಆಟದಲ್ಲಿ ಹತ್ತನೇ ಲಾರಿ ತುಂಬಿದಾಗ ಸಿಗುವ ಅದೃಷ್ಟದ ಡಬ್ಬಿ ತಮಗೆ ಸಿಕ್ಕಿದ್ದಕ್ಕೆ ಅವರು ಹನುಮಪ್ಪನಿಗೆ ಐದು ಕಾಯಿ ಒಡೆಸಿದ್ದರು. ಆ ಡಬ್ಬಿ ಎಲ್ಲರಿಗೂ ಸಿಗುತ್ತದೆಂದು ಬೋರ್ಡಿನ ನಾಲ್ಕನೇ ಸಾಲು ಹೇಳುತ್ತಿತ್ತು. ಹನುಮಪ್ಪನ ಮುಂದೆ ಈಗ ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎಂದು ಅವರು ಅಲ್ಲೇ ಕುರ್ಚಿ ಎಳೆದು ಕುಳಿತರು. ಅವರ ಹಿಂದೆಯೇ ಶಿವರುದ್ರಪ್ಪನವರು ಬಂದರು, ಮುಖ ಸುಟ್ಟ ಬದನೆಕಾಯಿ. ಅರವತ್ತು ವರ್ಷದ ಆ ಅಡತಿ ಆಟದಲ್ಲಿ ಇಡೀ ಪುಣೆಗೇ ಮೊದಲಿಗರು. ಅವರನ್ನು ಆಗಾಗ ಸೋಲಿಸುತ್ತಿದ್ದವನು ಸೊಲ್ಲಾಪುರದ ಮಾಂತು ಒಬ್ಬನೇ. ಏಳನೇ ಸಾಲಿನಲ್ಲಿ ಅವಧೂತ ಬರೆದಿದ್ದ: ಸೊಲ್ಲಾಪುರದ ಮಾಂತು ಎಂಬ ಮನುಷ್ಯನಿಲ್ಲ, ಅದು ಕಂಪ್ಯೂಟರೇ ಆಡುವ ಆಟ.

“ತಮ್ಮಾ,” ಅಂದರು ಶಿವರುದ್ರಪ್ಪನವರು, ಬಹಳ ಮೆತ್ತಗೆ. “ನಾಕ ತಿಂಗಳಿಂದ ನಾ ಯಾರ ಕೂಡ ಜಗಳಾಡೇನಿ?”

ಅವಧೂತ ಸೀಮೆಸುಣ್ಣವನ್ನು ಜೇಬಿಗೆ ಸೇರಿಸಿದ.

“ಅಂವನ್ನ ಹುಡಕಲಿಕ್ಕೆ ಸೊಲ್ಲಾಪುರದಾಗ ನಮ್ಮ ಬೀಗರನ್ನ ಓಣಿ ಓಣಿ ತಿರುಗಿಸೇನಿ. ಬೀಗರು ಈಗ ಫೋನ ಎತ್ತವಲ್ಲರು.”

“ನಾ ಖರೇ ಹೇಳೇನ್ರಿ ಕಾಕಾ. ಪ್ರಣೀತಾನೂ ದಿನಾ ಖರೇನ ಹೇಳತಾರಲ್ರಿ?”

“ಆಕೀ ಹೇಳೂ ಖರೇಕ್ಕ ನಮಗ ಎಂದೂ ಉಂಡ ಅನ್ನ ಕರಗದ್ಹಂಗ ಆಗಿಲ್ಲ,” ಎಂದರು ಕಲ್ಲವ್ವ ಕುರ್ಚಿಯಿಂದಲೇ.

ಮಧ್ಯಾಹ್ನದ ಹೊತ್ತಿಗೆ ಹಮಾಲರು, ಟೆಂಪೋದವರು, ಎದುರಿನ ಔಷಧಿ ಅಂಗಡಿಯವನು ಎಲ್ಲರೂ ಮೇಲೆ ಬಂದು ಮರಾಠಿಯಲ್ಲೂ ಕನ್ನಡದಲ್ಲೂ ಅವಧೂತನ ವಂಶಾವಳಿ ವಿಚಾರಿಸಿದರು. ಗಾಬರಿಯಾದ ಅವನು ಕೆಳಗಿಳಿದು, ಇವು ತಪ್ಪುಗಳಲ್ಲ, ಬೇಕೆಂದೇ ಹಾಗೆ ಮಾಡಿದ್ದು ಎಂದು ಬೋರ್ಡಿಗೆ ಒಂದು ಸಾಲು ಸೇರಿಸಿದ. ಅಷ್ಟು ಹೊತ್ತು ಅವನನ್ನು ದಡ್ಡನೆಂದಿದ್ದವರು ಈಗ ಕಳ್ಳನೆಂದರು. ಮೂರು ಗಂಟೆಗೆ ಆರು ಸಾವಿರ ಜನ ಫೋನಿನಿಂದ ಆಟವನ್ನೇ ಕಿತ್ತುಹಾಕಿದ್ದರು. ಲೋಕನಾಥರು ಸಂಖ್ಯೆ ಓದುವುದನ್ನು ನಿಲ್ಲಿಸಿ ತಲೆಗೆ ಒದ್ದೆ ಟವೆಲು ಸುತ್ತಿಕೊಂಡರು.

ಐದೂವರೆಗೆ ಪ್ರಣೀತಾ ಬಂದಳು. ಬೋರ್ಡನ್ನು ಮೇಲಿಂದ ಕೆಳಗೆ ಎರಡು ಸಲ ಓದಿ, ಅವಧೂತನನ್ನು ಪಕ್ಕಕ್ಕೆ ಕರೆದಳು.

“ಎಂತ ಮಾರಾಯ್ರೆ, ಇದ್ದ ತಪ್ಪನ್ನೇ ಬರ್ದದ್ದಾ?”

“ಮತ್ತ ಇನ್ನೇನ ಬರೀಬೇಕಿತ್ತು?”

ಅವಳು ಚೀಲದಿಂದ ಒಂದು ನೋಟ್‌ಬುಕ್ ತೆಗೆದು ತೋರಿಸಿದಳು. ಮುಂದಿನ ದೀಪಾವಳಿಯವರೆಗಿನ ತಪ್ಪುಗಳು ತಾರೀಖಿನ ಸಮೇತ ಅದರಲ್ಲಿ ತಯಾರಾಗಿದ್ದವು. ನೀಲಿ ಲಾರಿಯ ಹಾರ್ನು ಸಣ್ಣಗೆ ಕೇಳುತ್ತದೆ. ಮೂರನೇ ಹಮಾಲನ ರುಮಾಲು ಮಾಸಿದೆ. ಅವಧೂತ ಬೆರಳಿಟ್ಟು ಒಂದೊಂದನ್ನೇ ಓದಿದ. ಅವನು ಮಾಡಿದ ಆಟದಲ್ಲಿ ಅಂಥ ತಪ್ಪು ಒಂದೂ ಇರಲಿಲ್ಲ.

“ಇಲ್ಲದ ತಪ್ಪು ಬೆಳಿಗ್ಗೆ ಹೇಳುದು, ಸಂಜೆ ಸರಿಯಾಯ್ತು ಅನ್ನುದು. ಎಲ್ಲರಿಗೂ ಖುಷಿ. ಇದ್ದದ್ದನ್ನು ಯಾರಾದ್ರೂ ಹೇಳ್ತಾರಾ?”

ಇದನ್ನು ಕೆಳಗೆ ಹೋಗಿ ಹೇಳಿಬಿಡಲೇ ಎಂದು ಅವನಿಗೆ ಒಂದು ಕ್ಷಣ ಅನಿಸಿತು. ಬೆಳಗಿನಿಂದ ನಿಜ ಹೇಳಿ ಸುಸ್ತಾಗಿದ್ದ. ಅಷ್ಟರಲ್ಲಿ ಅವಳು ಕೆಳಗಿಳಿದು ಬೋರ್ಡು ಒರೆಸಿ ಬರೆದೂ ಆಗಿತ್ತು: ‘ಇಂದಿನ ತಪ್ಪು: ಬೆಳಗಿನ ಬೋರ್ಡು. ಸರಿಯಾಗಿದೆ. ಸೊಲ್ಲಾಪುರದ ಮಾಂತು ಆರು ಗಂಟೆಗೆ ತಾನೇ ಬಂದು ಎಲ್ಲರೊಂದಿಗೆ ಮಾತನಾಡುತ್ತಾನೆ.’

ಫೋಟೋಗೆ ಹೃದಯಗಳು ಬಂದು ಬಿದ್ದ ರಭಸಕ್ಕೆ ಲೋಕನಾಥರು ಟವೆಲು ಬಿಚ್ಚಿದರು. ಆರು ಗಂಟೆಗೆ ಅವಧೂತನನ್ನು ಮಾಂತುವಿನ ಹೆಸರಿನಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿದರು. ಇನ್ನು ಮೇಲೆ ದಿನಾ ಇದೇ ಕೆಲಸವೆಂದೂ ಹೇಳಿದರು.

ಮೊದಲ ಪ್ರಶ್ನೆ ಶಿವರುದ್ರಪ್ಪನವರದು. ನೀನು ಇಲ್ಲವೇ ಇಲ್ಲ ಎಂದನಲ್ಲಪ್ಪಾ ಆ ಅವಧೂತ, ಅವನಿಗೆ ಏನನ್ನೋಣ ಎಂದು ಕೇಳಿದ್ದರು. ಹಿಂದೆ ಲೋಕನಾಥರೂ ಪ್ರಣೀತಾಳೂ ನಿಂತಿದ್ದರು. ಅವಧೂತ ಹಲ್ಲು ಕಚ್ಚಿ ಟೈಪು ಮಾಡಿದ: “ಬಿಡ್ರಿ ಕಾಕಾ, ಹೊಟ್ಟಿಕಿಚ್ಚಿನ ಮನಷ್ಯಾ ಇರಬೇಕು.”

ಎರಡು ನಿಮಿಷದಲ್ಲಿ ಒಂಬತ್ತು ಸಾವಿರ ಹೃದಯಗಳು ಬಂದವು. ಪ್ರಣೀತಾಳಿಗೂ ಎಂದೂ ಅಷ್ಟು ಬಂದಿರಲಿಲ್ಲ. ಮಾಂತು ಎಷ್ಟು ದೊಡ್ಡ ಮನಸ್ಸಿನವನು ಎಂದು ಕಲ್ಲವ್ವ ಬರೆದರು, ಸೊಲ್ಲಾಪುರಕ್ಕೆ ಹೋಳಿಗೆ ಕಳಿಸಲು ವಿಳಾಸ ಕೇಳಿದರು.

ಅವಧೂತ ಆ ಅಂಕಿಯನ್ನೇ ನೋಡುತ್ತ ಕುಳಿತ. ಆ ಮಾಂತುವಿನಲ್ಲಿ ಅಂಥದ್ದೇನಿದೆ ಎಂದು ಅವನಿಗೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.