ಹಿಟ್ಟು ಬಿಡದ ನೀರಿನ ಗಿರಣಿ

ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ತನ್ನ ಪಾಡಿಗೆ ಸರಿಯಾಗಿರುವ ವಸ್ತುವನ್ನು ಕಂಡರೂ ಅದನ್ನು ಸುಧಾರಿಸದೆ ಬಿಡಲು ಆಗುವುದಿಲ್ಲ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಕಲಿಸಿ ನಿವೃತ್ತನಾದ ನನಗೆ ಇದು ಕೊಂಚ ಜೋರು. ನಾನು ಸುಧಾರಿಸಿದ ಮಿಕ್ಸಿಯನ್ನು ನೋಡಿ ಹೆಂಡತಿ ಮರುದಿನವೇ ಹೊಸದು ಕೊಂಡಳು. ಅಂಥವನ ಕಣ್ಣಿಗೆ ಕಾರ್ಕಳದ ಆಚೆಗಿರುವ ಅವಳ ತವರಿನಲ್ಲಿ, ತೋಡಿನ ಬದಿಯ ಹಳೆಯ ನೀರಿನ ಗಿರಣಿ ಬಿತ್ತು.

ಅದನ್ನು ಕಟ್ಟಿಸಿದವರು ಹೆಂಡತಿಯ ಅಜ್ಜ. ತೋಡಿನ ನೀರು ಮರದ ಚಕ್ರವನ್ನು ತಳ್ಳಿದರೆ ಮೇಲಿನ ಬೀಸುಕಲ್ಲು ತಿರುಗಿ ಊರಿಗೆಲ್ಲ ಅಕ್ಕಿಹಿಟ್ಟು ಆಗುತ್ತಿತ್ತಂತೆ. ಪೇಟೆಗೆ ಕರೆಂಟಿನ ಗಿರಣಿ ಬಂದ ಮೇಲೆ ಇದು ಮೂಲೆ ಸೇರಿತು. ನಾನು ಹೋದಾಗ ಹೆಂಡತಿಯ ಅಣ್ಣ, ಎಂದರೆ ನನ್ನ ಭಾವ, ಕೊಡಲಿ ಹಿಡಿದು ಅದರ ಮುಂದೆ ನಿಂತಿದ್ದರು. "ಒಳ್ಳೆಯ ಹಲಸಿನ ಮರ ಭಾವ, ಬಚ್ಚಲಿನ ಹಂಡೆಗೆ ಒಂದು ತಿಂಗಳು ಆಗ್ತದೆ" ಎಂದರು. ಗೋಗರೆದು ಗಡುವು ಪಡೆದೆ. "ಆಯ್ತು ಮಾರಾಯ್ರೆ, ತೋಡಿನ ನೀರು ಕಮ್ಮಿ ಆಗುವುದರೊಳಗೆ ಹಿಟ್ಟು ತೋರಿಸಿ. ಇಲ್ಲದಿದ್ದರೆ ಚಕ್ರ ಒಲೆಗೆ."

ಆಚಾರಿಯಿಂದ ಚಕ್ರಕ್ಕೆ ಹೊಸ ಹಲಗೆ ಹೊಡೆಸಿದೆ, ಕಲ್ಲಿನ ಗೀರುಗಳಿಗೆ ಉಳಿ ಹಾಕಿಸಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನೀರು ಚಕ್ರದ ಎಡಬದಿಗಿಂತ ಬಲಬದಿಗೆ ಬಿದ್ದರೆ ರಭಸ ಹೆಚ್ಚೆಂದು ನನ್ನ ವಿದ್ಯೆ ಹೇಳಿತು. ನೀರು ತರುವ ದಂಬೆಯನ್ನು ಆ ಬದಿಗೆ ತಿರುಗಿಸಿಬಿಟ್ಟೆ. ನೀರು ಬಿಡುವ ದಿನ ನೆರೆಕರೆಯವರೆಲ್ಲ ಬಂದರು, ತೆಂಗಿನಕಾಯಿ ಒಡೆದಾಯಿತು. ಚಕ್ರ ತಿರುಗಿದ ರಭಸಕ್ಕೆ ಚಪ್ಪಾಳೆಯೂ ಬಿತ್ತು. ಅಕ್ಕಿ ಒಳಗೆ ಹೋಯಿತು, ಹಿಟ್ಟು ಮಾತ್ರ ಹೊರಗೆ ಬರಲಿಲ್ಲ. ಎರಡು ಸೇರು ನುಂಗಿ ಕಲ್ಲು ಸಿಕ್ಕಿಕೊಂಡು ನಿಂತಿತು. ನಾನು ಘರ್ಷಣೆಯ ಬಗ್ಗೆ ಉಪನ್ಯಾಸ ಶುರುಮಾಡಿದೆ. ಭಾವ ಕೊಡಲಿಯ ಕಡೆಗೆ ನೋಡಿದರು.

ಅಷ್ಟರಲ್ಲಿ ಕುರ್ಚಿಯಲ್ಲಿ ಕುಳಿತಿದ್ದ ಅತ್ತೆ ಬಾಯಿ ತೆರೆದರು. "ಎಂತ ಅಳಿಯಂದಿರೇ, ಬೀಸುಕಲ್ಲನ್ನು ಯಾರಾದರೂ ಉಲ್ಟಾ ತಿರುಗಿಸುವುದುಂಟಾ? ಗೀರು ಹಿಟ್ಟನ್ನು ಹೊರಗೆ ದೂಡಬೇಕಲ್ವಾ? ನೀವು ಒಳಗೇ ಎಳೀತಾ ಇದ್ದೀರಿ." ನೀರಿನ ಬದಿ ಬದಲಾದಾಗ ಚಕ್ರದ ಜೊತೆ ಕಲ್ಲು ತಿರುಗುವ ದಿಕ್ಕೂ ಬದಲಾಗಿತ್ತು; ನಾಚಿಕೆಯಿಂದ ಕುಗ್ಗಿಹೋದೆ. ಕಲ್ಲು ಬಿಡಿಸಿ, ದಂಬೆಯನ್ನು ಅಜ್ಜ ಇಟ್ಟಿದ್ದ ಬದಿಗೇ ಇಟ್ಟೆವು. ಮತ್ತೆ ನೀರು ಬಿಟ್ಟಾಗ ಕಲ್ಲಿನ ಸುತ್ತಲೂ ಬೆಚ್ಚನೆಯ ಬಿಳಿ ಹಿಟ್ಟು ಉದುರತೊಡಗಿತು! ಹಿಟ್ಟು ಮೆತ್ತಿದ ಕೈಯಲ್ಲೇ ಭಾವನನ್ನು ತಬ್ಬಿಕೊಂಡೆ. ಅಷ್ಟು ಸಂತೋಷ ನನಗೆ ಪ್ರೊಫೆಸರ್ ಆದ ದಿನವೂ ಆಗಿರಲಿಲ್ಲ. ಮಧ್ಯಾಹ್ನ ಎಲ್ಲರಿಗೂ ಅದೇ ಹಿಟ್ಟಿನ ರೊಟ್ಟಿ.

ಚಕ್ರವನ್ನು ಇನ್ನು ಯಾರೂ ಹಾಳುಮಾಡಬಾರದೆಂದು ಭಾವ ಆ ವಾರವೇ ಗಿರಣಿಗೆ ಹೊಸ ಬಾಗಿಲಿಡಿಸಿ ಬೀಗ ಹಾಕಿದರು. ಬೀಗದ ಕೈ ಅತ್ತೆಯ ಬಳಿ ಇದೆ. ಊರಿನವರು ಯಾರು ಕೇಳಿದರೂ ಕೊಡುತ್ತಾರೆ, ನನ್ನೊಬ್ಬನನ್ನು ಬಿಟ್ಟು.