ನಮ್ಮ ಸಸ್ಯಾಹಾರಿ ಭಾವನವರ ಮೀನು ಬೇಟೆ

ನಮ್ಮ ಭಾವನವರು ಜನ್ಮದಲ್ಲಿ ಒಂದು ಮೀನನ್ನೂ ತಿಂದವರಲ್ಲ. ಆದರೆ ಡೆಟ್ರಾಯಿಟ್ ನದಿಯಲ್ಲಿರುವ ಮೀನುಗಳಲ್ಲಿ ಅರ್ಧಕ್ಕರ್ಧ ಮೇಲೆ ಬಂದು ಅವರ ಮುಖ ನೋಡಿಕೊಂಡು ಹೋಗಿವೆ ಎಂದು ನಾನು ಆಣೆ ಮಾಡಿ ಹೇಳಬಲ್ಲೆ! ಭಾವ ಎಂದರೆ ನನ್ನ ಗಂಡನ ಅಣ್ಣ. ಊರು ಧಾರವಾಡ, ಮನೆ ಅಮೆರಿಕದ ಡೆಟ್ರಾಯಿಟ್ ಪಕ್ಕದ ಆಬರ್ನ್ ಹಿಲ್ಸ್, ಉದ್ಯೋಗ ಕಾರಿನ ಬ್ರೇಕ್ ಪೆಡಲ್. ಇಡೀ ಕಾರಲ್ಲ, ಇಡೀ ಬ್ರೇಕೂ ಅಲ್ಲ, ಕಾಲಿಟ್ಟು ಒತ್ತುವ ಪೆಡಲ್ ಮಾತ್ರ. ಒಬ್ಬ ಮನುಷ್ಯ ಇಪ್ಪತ್ತು ವರ್ಷ ಬರೀ ಪೆಡಲ್ ಬಗ್ಗೆ ಯೋಚಿಸಬಹುದೇ ಎಂದು ನೀವು ಕೇಳಬಹುದು. ದಯವಿಟ್ಟು ಅವರೆದುರು ಕೇಳಬೇಡಿ, ನಿಮ್ಮ ಊಟ ಆರಿ ಹೋಗುತ್ತದೆ.

ಅವರ ಸಸ್ಯಾಹಾರವೂ ಸಾಮಾನ್ಯದ್ದಲ್ಲ. ಹುಟ್ಟುಹಬ್ಬದ ಮನೆಯಲ್ಲಿ ಕೇಕ್ ಕೈಗೆ ಕೊಟ್ಟರೆ ಮಗುವಿಗೆ ಶುಭಾಶಯ ಹೇಳುವ ಮೊದಲು ಮೊಟ್ಟೆಯ ವಿಚಾರಣೆ. ಪಿಜ್ಜಾ ಅಂಗಡಿಗೆ ಹೋದರೆ ಕತ್ತರಿಸುವ ಚಕ್ರವನ್ನು ತಮ್ಮ ಕಣ್ಣೆದುರಿಗೇ ತೊಳೆಸಬೇಕು. ಇಂಥವರನ್ನು ಒಂದು ಏಪ್ರಿಲ್‌ನಲ್ಲಿ ಆಫೀಸಿನ ಗೆಳೆಯನೊಬ್ಬ ಸುಮ್ಮನೆ ನೋಡಲೆಂದು ನದಿಗೆ ಕರೆದುಕೊಂಡು ಹೋದ. ಅವನು ಕಾಫಿ ಬಗ್ಗಿಸಿಕೊಳ್ಳುವಾಗ ಒಂದು ನಿಮಿಷ ಹಿಡಿದುಕೊಳ್ಳಿ ಎಂದು ಗಾಳದ ಕೋಲನ್ನು ಇವರ ಕೈಗೆ ಕೊಟ್ಟ. ಅದೇ ನಿಮಿಷಕ್ಕೆ ಮೀನು ಜಗ್ಗಬೇಕೆ! ಮುಂದಿನ ವಾರ ಇವರದೇ ಒಂದು ಗಾಳ ಬಂತು, ಮುಂದಿನ ವರ್ಷ ಹಳೆಯ ಅಲ್ಯೂಮಿನಿಯಂ ದೋಣಿ ಬಂತು.

"ತಿನ್ನದೆ ಇರೋರಿಗೆ ಹಿಡಿಯೋ ಹುಚ್ಚು ಯಾಕೆ ಭಾವ?" ಎಂದು ನಾನೊಮ್ಮೆ ಕೇಳಿದೆ.

"ತಂಗಿ, ಕ್ರಿಕೆಟ್ ಆಡಾವ್ರು ಚೆಂಡು ತಿಂತಾರೇನು?" ಎಂದರು.

ನಾನು ಮೈಸೂರಿನವಳು, ಮಾತಿನಲ್ಲಿ ಸುಲಭಕ್ಕೆ ಸೋಲುವವಳಲ್ಲ. ಆದರೂ ಅಂದು ನಾನೇ ಎದ್ದು ಹೋಗಿ ಚಹಾಕ್ಕಿಟ್ಟೆ.

ಸಮಸ್ಯೆ ಇದ್ದದ್ದು ಮನೆಯಲ್ಲಿ. ಅಕ್ಕ, ಅಂದರೆ ಭಾವನವರ ಹೆಂಡತಿ, ಮೀನು ಹೊಸ್ತಿಲು ದಾಟಕೂಡದು ಎಂದು ಮೊದಲ ದಿನವೇ ಅಪ್ಪಣೆ ಹೊರಡಿಸಿದ್ದರು. ಹಾಗಾಗಿ ಹಿಡಿದದ್ದನ್ನು ಭಾವನವರು ನೀರಿಗೇ ಬಿಡುತ್ತಿದ್ದರು, ಇಲ್ಲವೇ ದಡದಲ್ಲಿ ನಿಂತವರಿಗೆ ಕೊಟ್ಟುಬಿಡುತ್ತಿದ್ದರು. ಮೀನು ಮುಟ್ಟಿದ ಮೈಯೂ ಹೊಸ್ತಿಲು ದಾಟುವಂತಿಲ್ಲ. ಗರಾಜಿನಲ್ಲೇ ಜಾಕೆಟ್ಟು, ಪ್ಯಾಂಟು, ಬೂಟು ಎಲ್ಲ ಕಳಚಿ, ಟವೆಲ್ ಸುತ್ತಿಕೊಂಡು, ನೇರ ಬೇಸ್‌ಮೆಂಟಿಗಿಳಿದು ತಲೆಗೆ ಸ್ನಾನ ಮಾಡಿದ ಮೇಲೇ ಅಡುಗೆಮನೆ. ಹೊರಗೆ ಮೂವತ್ತು ಡಿಗ್ರಿ. ನಮ್ಮೂರಿನ ಮೂವತ್ತಲ್ಲ, ಇಲ್ಲಿನದು, ಬಕೆಟ್ಟಿನ ನೀರು ಕಲ್ಲಾಗುವಂಥದ್ದು!

ಒಂದು ದಿನ ಅವರು ಹೀಗೆ ಟವೆಲ್ ಸುತ್ತಿ, ತಲೆಯ ಮೇಲೆ ಮಂಕಿ ಕ್ಯಾಪ್ ಮಾತ್ರ ಉಳಿಸಿಕೊಂಡು ನಿಂತಿದ್ದಾಗ, ಶಾಲೆಯಿಂದ ಬಂದ ಮಗಳು ಕಾರಿನಿಂದಲೇ ರಿಮೋಟ್ ಒತ್ತಿದಳು. ಗರಾಜಿನ ಬಾಗಿಲು ಗಂಭೀರವಾಗಿ ಮೇಲಕ್ಕೆದ್ದಿತು. ಇಡೀ ಬಡಾವಣೆಗೆ ದರ್ಶನ! ಎದುರುಮನೆಯ ಮುದುಕ ಭಕ್ತಿಯಿಂದ ಕೈಬೀಸಿದನಂತೆ. ಮರುದಿನ ಅಕ್ಕನನ್ನು ಕಂಡು, ನಿನ್ನೆ ನಿಮ್ಮ ಧರ್ಮದಲ್ಲಿ ಏನಾದರೂ ಹಬ್ಬವಿತ್ತೇ ಎಂದು ವಿಚಾರಿಸಿದನಂತೆ.

"ಹೌದು ಅಂದೆ. ಮತ್ತೇನನ್ಲಿವಾ?" ಎಂದು ಅಕ್ಕ ನನ್ನ ಹತ್ತಿರ ತಲೆ ಚಚ್ಚಿಕೊಂಡರು.

ಗಾಳಕ್ಕೆ ಎಲ್ಲರೂ ಜೀವಂತ ಸಣ್ಣ ಮೀನು ಸಿಕ್ಕಿಸುತ್ತಾರೆ. ಭಾವನವರು ಒಪ್ಪಲಿಲ್ಲ. "ಒಂದು ಜೀವಾ ಹಿಡೀಲಿಕ್ಕೆ ಇನ್ನೊಂದು ಜೀವಾ ಚುಚ್ಚೂದು ಪಾಪ" ಎಂದು ಪ್ಲಾಸ್ಟಿಕ್ ಹುಳ ಕೊಂಡರು. ಪ್ಲಾಸ್ಟಿಕ್ಕಿಗೆ ವಾಸನೆ ಎಲ್ಲಿಂದ ಬರಬೇಕು? ಇಂಗಿನ ನೀರಿನಲ್ಲಿ ನೆನೆಹಾಕಿದರು! ಪ್ರತಿ ಸಲ ನಮ್ಮ ಶಿಕಾಗೋದ ದೇಸಿ ಅಂಗಡಿಬೀದಿ ಡೆವನ್ ಅವೆನ್ಯೂನಿಂದ ನಾನು ಒಯ್ದುಕೊಡುತ್ತಿದ್ದ ಗಟ್ಟಿ ಇಂಗು ಅಕ್ಕನ ಸಾರಿಗಿಂತ ಹೆಚ್ಚಾಗಿ ಹುಳಗಳಿಗೆ ಸಲ್ಲುತ್ತಿದೆ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಮೀನುಗಳಿಗೆ ಅದು ಹಿಡಿಸಿತೋ ಇಲ್ಲವೋ, ಪಕ್ಕದ ದೋಣಿಗಳವರು ಮಾತ್ರ ಮೂಗು ಹಿಡಿದುಕೊಂಡು ದೂರ ಸರಿದರಂತೆ. ಜಾಗವಂತೂ ವಿಶಾಲವಾಯಿತು.

ಆಮೇಲೆ ಬಂತು ನೋಡಿ ಆರ್ಥಿಕ ಹಿಂಜರಿತ. ಶಿಕಾಗೋ ಕಡೆ ನಮಗೂ ಅದರ ಬಿಸಿ ತಟ್ಟಿತು, ಆದರೆ ಡೆಟ್ರಾಯಿಟ್ ಸುತ್ತ ಅದು ಮನೆ ಮನೆಗೂ ನುಗ್ಗಿತು. ಭಾವನವರ ಬೀದಿಯಲ್ಲಿ ಹುಲ್ಲಿಗಿಂತ ಹೆಚ್ಚಾಗಿ ಮನೆ ಮಾರಾಟದ ಬೋರ್ಡುಗಳು ಬೆಳೆದಿದ್ದವು. ಆ ಚಳಿಗಾಲಕ್ಕೆ ಮುಂಚೆ ಪೆಡಲ್ ವಿಭಾಗಕ್ಕೇ ಬೀಗ ಬಿತ್ತು. ಇಪ್ಪತ್ತು ವರ್ಷದ ಪೆಡಲ್ ಜ್ಞಾನವನ್ನು ತುಂಬಿಕೊಂಡು ಭಾವನವರು ಮನೆಯಲ್ಲಿ ಕುಳಿತರು. ನದಿಯ ಮಂಜುಗಡ್ಡೆ ಒಡೆದದ್ದೇ ತಡ, ದಿನಾ ದೋಣಿ ಎಳೆದುಕೊಂಡು ಹೊರಟರು.

ಅಕ್ಕ ಫೋನಿನಲ್ಲಿ ಅತ್ತುಬಿಟ್ಟರು. "ಇವರಿಗೆ ನೌಕರಿ ಚಿಂತಿನೇ ಇಲ್ಲ ನೋಡವಾ. ಬ್ಯಾಸಗಿ ಒಳಗ ಏನೂ ಸಿಗಲಿಲ್ಲಂದ್ರ ಈ ಮನಿ ಬಿಡಬೇಕು. ಇವರು ನೋಡಿದ್ರ ಮೀನ ಮೀನ ಅಂತಾರ."

ಕೊನೆಗೊಂದು ಕರೆ ಬಂತು, ಅದೂ ಶಿಕಾಗೋ ಪಕ್ಕದ ನಮ್ಮ ಇಟಾಸ್ಕಾದ ಕಂಪನಿಯೊಂದರಿಂದ. ಶುಕ್ರವಾರ ಹತ್ತು ಗಂಟೆಗೆ ಫೋನ್ ಇಂಟರ್‌ವ್ಯೂ. ಭಾವನವರು ತಮ್ಮನಿಗೆ ಹೇಳಿದರು. ತಮ್ಮ, ಅಂದರೆ ನಮ್ಮವರು, ತಕ್ಷಣ ಬುದ್ಧಿ ಓಡಿಸಿದರು. "ಅವ್ರು ಶಿಕಾಗೋ ಟೈಮ್ ಹೇಳ್ಯಾರ. ಅಂದ್ರ ನಿನಗ ಹನ್ನೊಂದು." ಡೆಟ್ರಾಯಿಟ್ ಗಡಿಯಾರ ಶಿಕಾಗೋದ್ದಕ್ಕಿಂತ ಒಂದು ಗಂಟೆ ಮುಂದು, ನಿಜ. ಆದರೆ ಕಂಪನಿಯವರು ಸೌಜನ್ಯದಿಂದ ಆ ಒಂದು ಗಂಟೆಯನ್ನು ಮೊದಲೇ ಕೂಡಿಸಿ, ಡೆಟ್ರಾಯಿಟ್ ಸಮಯವನ್ನೇ ತಿಳಿಸಿದ್ದರು. ಇಬ್ಬರು ಇಂಜಿನಿಯರುಗಳು ಸೇರಿ ಅದೇ ಗಂಟೆಯನ್ನು ಇನ್ನೊಮ್ಮೆ ಕೂಡಿಸಿದರು! ಇವರು ಕಟ್ಟಿದ ಕಾರಿನಲ್ಲಿ ನಾವು ಓಡಾಡುತ್ತೇವೆ.

ಹಿಂದಿನ ದಿನವೇ ನಾವೆಲ್ಲ ಆಬರ್ನ್ ಹಿಲ್ಸ್‌ಗೆ ಹೋಗಿಳಿದೆವು. ಶುಕ್ರವಾರ ಬೆಳಿಗ್ಗೆ ಭಾವನವರು ಬೂಟು ಹಾಕಿಕೊಂಡು ಸಿದ್ಧ! "ಹನ್ನೊಂದಕ್ಕಲ್ಲಾ? ಹತ್ತೂವರಿಗೆ ದಂಡಿಗೆ ಬಂದು, ಕಾರ್‌ನ್ಯಾಗ ಕೂತು ಆರಾಮ ಮಾತಾಡ್ತೀನಿ." ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ನೀನೂ ಹೋಗವಾ, ಹೊತ್ತಿಗೆ ಸರಿಯಾಗಿ ಎಳಕೊಂಡು ಬಾ" ಎಂದರು. ಹೀಗೆ ನಾನು ಕಾವಲುಗಾರ್ತಿಯಾದೆ. ದಾರಿಯಲ್ಲಿ ಭಾವನವರು ನನಗೂ ಮೀನು ಹಿಡಿಯುವ ಒಂದು ದಿನದ ಲೈಸೆನ್ಸ್ ಕೊಡಿಸಿದರು. ನಾನು ಕೋಲು ಮುಟ್ಟುವುದೇ ಇಲ್ಲ ಎಂದರೂ ಕೇಳಲಿಲ್ಲ. "ದೋಣ್ಯಾಗ ಕುಂತ ಮ್ಯಾಲೆ ಮನಸ್ಸು ಹೆಂಗ ತಿರಗತದೋ ಯಾರಿಗೆ ಗೊತ್ತು?"

ನದಿಯೋ ಸಮುದ್ರದಷ್ಟು ಅಗಲ. ಆಚೆ ದಡ ಕೆನಡಾ. ಚೂರು ಮಂಜುಗಡ್ಡೆಗಳು ತೇಲಿಕೊಂಡು ಬರುತ್ತಿದ್ದವು. ಮೂರು ಸ್ವೆಟರ್ ಒಳಗಿದ್ದೂ ನಡುಗುತ್ತಿದ್ದ ನನಗೆ ಭಾವನವರು ಪಾಠ ಶುರು ಮಾಡಿದರು. ಈ ಮೀನಿನ ಹೆಸರು ವಾಲ್‌ಐ. ಕಣ್ಣು ಗಾಜಿನ ಗೋಲಿಯಂತೆ ಹೊಳೆಯುತ್ತದೆ, ಬೆಳಕು ಆಗಿಬರುವುದಿಲ್ಲ, ಮಬ್ಬು ನೀರಿನ ತಳ ಬಿಟ್ಟು ಏಳುವುದಿಲ್ಲ. ಸೀಸದ ತಲೆಯ ಗಾಳವನ್ನು ತಳ ಮುಟ್ಟಿಸಿ, ತುಸು ಎತ್ತಿ, ಮತ್ತೆ ಬಿಡಬೇಕು. "ಮೆತ್ತಗ, ಬ್ರೇಕ್ ಒತ್ತಿಧಂಗ" ಎಂದರು. ಪೆಡಲ್ ಇಲ್ಲಿಗೂ ಬಂತು.

ಸರಿಯಾಗಿ ಹತ್ತು ಗಂಟೆಗೆ ಅವರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

"ಯೆಸ್, ಯೆಸ್, ದಿಸ್ ಈಸ್ ಎ ವೆರಿ ಗುಡ್ ಟೈಮ್!" ಎಂದರು ಭಾವನವರು, ನಡುನದಿಯಲ್ಲಿ. ಇಟಾಸ್ಕಾದವರೇ! ಅಷ್ಟರಲ್ಲಿ ಅವರ ಕೋಲು ಬಿಲ್ಲಿನಂತೆ ಬಾಗಿತು! ಎಷ್ಟೋ ತಿಂಗಳಿಗೊಮ್ಮೆ ಬಂದ ಫೋನು ಒಂದು ಕೈಯಲ್ಲಿ, ಆ ದಿನದ ಮೊದಲ ಮೀನು ಇನ್ನೊಂದು ಕೈಯಲ್ಲಿ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅವರು ಕೋಲನ್ನು ನನ್ನ ಮಡಿಲಿಗೆ ತುರುಕಿ, ರೀಲು ಸುತ್ತು ಎಂದು ಕಣ್ಣಲ್ಲೇ ಹೇಳಿದರು. ನಾನು "ಅಯ್ಯೋ ಶಿವನೇ!" ಎಂದು ಕೂಗಿದ್ದು ಬಹುಶಃ ಫೋನಿಲ್ಲದೆಯೇ ಇಟಾಸ್ಕಾಕ್ಕೆ ಕೇಳಿಸಿರಬೇಕು.

ಅತ್ತ ಕಡೆಯವನು ಗಾಬರಿಯಾಗಿ ಏನದು ಎಂದು ಕೇಳಿದ. ಭಾವನವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ದೋಣಿಯಲ್ಲಿದ್ದೇನೆ, ನನ್ನ ತಮ್ಮನ ಹೆಂಡತಿ ಮೀನು ಎಳೆಯುತ್ತಿದ್ದಾಳೆ, ಗಂಟೆಯ ಲೆಕ್ಕದಲ್ಲಿ ನಮ್ಮದೇ ತಪ್ಪಾಯಿತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಮುಗಿಯಿತು ಕಥೆ ಎಂದುಕೊಂಡೆ. ಅವನು, ಮೀನು ದೊಡ್ಡದೇ ಎಂದು ಕೇಳಿದ. ಇನ್ನೂ ಕಂಡಿಲ್ಲ, ಆದರೆ ಎಳೆತ ಮೊದಲು ಮೆದು, ಆಮೇಲೆ ಹಂತಹಂತವಾಗಿ ಬಿಗಿಯಾಗುತ್ತಿದೆ, ಒಳ್ಳೆಯ ಪೆಡಲ್ ಕೂಡ ಕಾಲಿಗೆ ಹೀಗೇ ಉತ್ತರ ಕೊಡಬೇಕು ಎಂದರು ಭಾವನವರು! ಅಲ್ಲಿಂದ ಶುರುವಾದ ಮಾತು ನಿಲ್ಲಲೇ ಇಲ್ಲ. ನಾನು ರೀಲು ಸುತ್ತಿದೆ, ಸುತ್ತಿದೆ, ಕೈ ಸೋತರೂ ಸುತ್ತಿದೆ. ಕೊನೆಗೆ ಮೊಟ್ಟೆ ಒಡೆಯಲೂ ಬಾರದ ನಾನು ತೋಳುದ್ದದ ಮೀನನ್ನು ಬಲೆಗೆ ಹಾಕಿದೆ.

ಆ ಕೆಲಸ ಅವರಿಗೆ ಸಿಕ್ಕಿತು. ಈಗಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸಿ ನನಗೆ ಬರುವ ಪುಣ್ಯವೇನು? ಆದರೆ ಆ ಹೊತ್ತಿನಲ್ಲಿ ದೋಣಿಯಲ್ಲಿದ್ದ ನಮ್ಮಿಬ್ಬರಿಗೂ ಅದು ಗೊತ್ತಿರಲಿಲ್ಲ. ತಿಳಿಸುತ್ತೇವೆ ಎಂದು ಅವರು ಫೋನ್ ಇಟ್ಟಿದ್ದರು, ಅಷ್ಟೇ. ಭಾವನವರು ಮೀನನ್ನು ನೀರಿಗೆ ಬಿಟ್ಟು, ಕೋಲನ್ನು ದೋಣಿಯ ತಳಕ್ಕೆ ಮಲಗಿಸಿದರು.

"ಚೆನ್ನಾಗಿ ಮಾತಾಡಿದ್ರಿ ಭಾವ. ಸಿಕ್ಕೇ ಸಿಗುತ್ತೆ" ಎಂದೆ.

"ಸಿಗಲಿ ಬಿಡಲಿ, ತಂಗಿ. ಈ ಚಳಿಗಾಲದಾಗ ನಾ ಎಲ್ಲೆಲ್ಲಿ ಅಪ್ಲೈ ಮಾಡೇನಿ ಗೊತ್ತದ ಏನು? ಬ್ಯಾಡ ಅಂತ ಸುದ್ದಾ ಒಬ್ಬರೂ ಅನ್ನಲಿಲ್ಲವಾ. ಬ್ಯಾಡ ಅಂದಿದ್ರೂ ನಡೀತಿತ್ತು. ಅದಕ್ಕ ದಿನಾ ಇಲ್ಲಿ ಬರತಿದ್ದೆ. ಇಲ್ಲಿ ದಾರ ಬಿಟ್ರ, ಕೆಳಗಿಂದ ಯಾರರೆ ಒಬ್ಬರು ಜಗ್ಗತಾರ."

ಹಾಗೆಂದವರು ಮಂಕಿ ಕ್ಯಾಪನ್ನು ಕಣ್ಣಿನ ತನಕ ಎಳೆದುಕೊಂಡು ಕೆನಡಾ ಕಡೆಗೆ ಮುಖ ತಿರುಗಿಸಿದರು. ಧಾರವಾಡದ ಅವರ ಮನೆಯಲ್ಲಿ ತಮ್ಮನ ಹೆಂಡತಿ ಭಾವನನ್ನು ಮುಟ್ಟುವುದಿರಲಿ, ಎದುರಿಗೆ ಕುರ್ಚಿಯ ಮೇಲೆ ಕೂರುವುದೂ ಇಲ್ಲ. ಮದುವೆಯಾದಾಗಿನಿಂದ ನಾನೂ ಆ ಪದ್ಧತಿಯನ್ನು ಮೀರಿದವಳಲ್ಲ. ಅಂದು ಎದ್ದು ಅವರ ಪಕ್ಕದಲ್ಲೇ ಹೋಗಿ ಕುಳಿತೆ. ಒದ್ದೆ ಕೈಗವಸಿನ ಸಮೇತ ಅವರ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡೆ. ಅವರೂ ಬಿಡಿಸಿಕೊಳ್ಳಲಿಲ್ಲ.