ಬಯಲಿಗೆ ನೀಲಿ ಬಣ್ಣ

ಸರಕಾರಿ ನೌಕರನಿಗೆ ಕಚೇರಿಯಲ್ಲಿರುವ ಅಧಿಕಾರಕ್ಕಿಂತ ಅವನು ಓಣಿಯಲ್ಲಿ ಕೊಚ್ಚಿಕೊಳ್ಳುವ ಅಧಿಕಾರ ಯಾವಾಗಲೂ ದೊಡ್ಡದು. ನಾನು ಗಂಗಾವತಿ ಸೀಮೆಯ ನಮ್ಮ ಪೇಟೆಯಲ್ಲಿ, ನಗರ ಯೋಜನೆಯ ಕಚೇರಿಯಲ್ಲಿ ನಕ್ಷೆ ಬರೆಯುವವನು. ಮನೆಗಳ ಜಾಗಕ್ಕೆ ಹಳದಿ, ಅಂಗಡಿಗಳ ಜಾಗಕ್ಕೆ ನೀಲಿ, ಬಯಲಿಗೆ ಹಸಿರು. ಸಾಹೇಬರು ಹೇಳಿದ ಬಣ್ಣ ತುಂಬುವುದಷ್ಟೇ ನನ್ನ ಕೆಲಸ. ಓಣಿಯಲ್ಲಿ ಮಾತ್ರ "ಊರಿನ ನಕ್ಷಿ ನನ್ನ ಕೈಯಾಗ ಐತ್ರಿ" ಎಂದು ಹೇಳಿಕೊಂಡೇ ತಲೆಗೂದಲು ಬೆಳ್ಳಗೆ ಮಾಡಿಕೊಂಡೆ.

ಈ ಸಲ ಪರಿಷ್ಕೃತ ನಕ್ಷೆಯ ಕರಡು ಬಂದಾಗ ನೋಡಿದರೆ, ರೈಸ್ ಮಿಲ್ಲಿನ ಹಿಂದಿನ ನಮ್ಮ ಬಯಲು ಹಸಿರಿನಿಂದ ನೀಲಿಗೆ ಹೊರಳಿತ್ತು. ಬಾಡಿಗೆ ಸೈಕಲ್ ಕಲಿಯುತ್ತ ನಾನು ಮೊಣಕಾಲು ತರಚಿಕೊಂಡ ಬಯಲು ಅದು. ಅಲ್ಲಿಯೇ ನನ್ನ ಅವ್ವ ಮತ್ತು ಪಕ್ಕದ ಮನೆಯ ಮಲನ್‌ಬಿ ಚಾಚಿ ಹಳೆಯ ಸೀರೆಗಳನ್ನು ಹಾಸಿ, ಎದುರುಬದುರು ಕೂತು ಕೌದಿ ಹೊಲಿಯುತ್ತಿದ್ದರು. ಅವ್ವ ತೀರಿಕೊಂಡ ಮೇಲೂ ಚಾಚಿ ಅಲ್ಲಿಯೇ ಹೊಲಿಯುತ್ತಾರೆ. ಅವರ ಮನೆಯೊಳಗೆ ಒಂದು ಕೌದಿ ಪೂರಾ ಬಿಚ್ಚುವಷ್ಟು ಜಾಗವಿಲ್ಲ. ಅವ್ವ ಕೂಡುತ್ತಿದ್ದ ಬದಿಯನ್ನು ಈಗಲೂ ಖಾಲಿ ಬಿಡುತ್ತಾರೆ. ಸಂಜೆ ಮನೆಗೆ ಹೋಗುವಾಗ ಅದನ್ನು ಕಂಡರೆ ಅವ್ವನ ನೆನಪು ಒತ್ತರಿಸಿ ಬರುತ್ತದೆ.

ತಕರಾರು ಸಲ್ಲಿಸಲು ಜನರಿಗೆ ಒಂದು ತಿಂಗಳ ಅವಕಾಶವಿತ್ತು. ನೋಟಿಸನ್ನು ನಾನೇ ಗೋಡೆಗೆ ಅಂಟಿಸಿದೆ. ದಿನಾ ಟಪಾಲಿನ ಮೇಜಿನ ಸುತ್ತ ಸುಳಿದಾಡಿದೆ. ಒಂದು ಚೀಟಿಯೂ ಬರಲಿಲ್ಲ. ಕಡೆಗೆ ಚಾಚಿಯನ್ನೇ ಕೇಳಿದೆ, "ಓಣಿ ಮಂದಿ ಯಾರೂ ಯಾಕ ತಕರಾರು ಕೊಟ್ಟಿಲ್ರಿ?"

ಚಾಚಿ ಸೂಜಿಯಿಂದ ಕಣ್ಣೆತ್ತಲಿಲ್ಲ. "ನಕ್ಷಿ ನಿನ್ನ ಕೈಯಾಗ ಐತಿ ಅಂತ ಎಲ್ಲಾರಿಗೂ ಗೊತ್ತೈತಲ್ಲೋ ಬೇಟಾ. ಮತ್ತ ನಾವ್ಯಾಕ ಬರೀಬೇಕು?" ಎಂದರು.

ಅಂದೇ ಕೂತು ಅರ್ಜಿ ಬರೆದೆ. ನನ್ನ ಸಹಿ ಹಾಕುವಷ್ಟು ಧೈರ್ಯ ನನಗೆಲ್ಲಿ ಬರಬೇಕು, ಚಾಚಿಯ ಹೆಬ್ಬೆಟ್ಟು ಒತ್ತಿಸಿದೆ. ಆ ಅರ್ಜಿ ಮೇಜಿನಿಂದ ಮೇಜಿಗೆ ಹೋಗಿ, ಸಭೆಯಲ್ಲಿ ಬಿದ್ದುಹೋಗಿ, ಉತ್ತರ ಬರೆಯಲೆಂದು ಮತ್ತೆ ನನ್ನ ಮೇಜಿಗೇ ಬಂತು. "ನಿಮ್ಮ ಅಕ್ಷರ ಭಾಳ ಛಲೋ ಅದಾವು, ನೀವ ಬರೀರಿ" ಎಂದರು ಸಾಹೇಬರು. 'ತಕರಾರಿನಲ್ಲಿ ಹುರುಳಿಲ್ಲವಾದ್ದರಿಂದ ಕೈಬಿಡಲಾಗಿದೆ' ಎಂದು ದುಂಡಗೆ ಬರೆದೆ.

ಓದು ಬಾರದ ಚಾಚಿ ಆ ಕಾಗದವನ್ನು ಬಯಲಿಗೇ ತಂದು ನನ್ನಿಂದಲೇ ಓದಿಸಿದರು. ಕೇಳಿ, ಕಾಗದವನ್ನು ಮಡಚಿ ಕೌದಿಯ ಕೆಳಗಿಟ್ಟರು. ಆಮೇಲೆ, "ಯಾಂವೋ ಹೊರಗಿನಾಂವ ಬರದಿರಬೇಕು ಬಿಡು. ಇಲ್ಲಿ ಆಡಿ ಬೆಳದಾಂವ ಹಿಂಗ ಬರೀತಿದ್ದಿಲ್ಲ. ನೀ ಅವಗ ಒಂದೀಟು ತಿಳಿಸಿ ಹೇಳು" ಎಂದು, ಅವ್ವ ಕೂಡುತ್ತಿದ್ದ ಬದಿಯಲ್ಲಿ ನನಗೆ ಕೂಡಲು ಜಾಗ ತೋರಿಸಿದರು.

"ಹೇಳ್ತೀನ್ರಿ ಚಾಚಿ" ಎಂದೆ. ಅಂದಿನಿಂದ ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಅವನಿಗೆ ಹೇಳುತ್ತಲೇ ಇದ್ದೇನೆ. ಆಸಾಮಿ ಎಲ್ಲದಕ್ಕೂ ತಲೆ ಆಡಿಸುತ್ತಾನೆ, ಆಮೇಲೆ ಸ್ನಾನ ಮಾಡಿ ಕಚೇರಿಗೆ ಹೋಗುತ್ತಾನೆ.